ಮೀನುಗಲ್ಲಿನ ಪಾಲು

ಕಲ್ಲು ಸೀಳುವ ಅಪ್ಪ ಸಾಯುವ ಮುಂಚೆ ತನ್ನ ಮೀನುಗಲ್ಲನ್ನು ಪಾಲು ಮಾಡಿದ್ದ. ಸೀಳಿದ ಒಂದು ಹಲಗೆಯಲ್ಲಿ ಕೋಟ್ಯಂತರ ವರ್ಷದ ಹಿಂದೆ ವಂಶವೇ ಅಳಿದ ಮೀನಿನ ಮೂಳೆ, ಇನ್ನೊಂದರಲ್ಲಿ ಅದರ ಅಚ್ಚು ಮಾತ್ರ. ಮೂಳೆ ಮಗನಿಗೆ, ಅಚ್ಚು ಮುದುಕನ ಹೇಲುಚ್ಚೆ ಬಾಚಿದ ಮಗಳಿಗೆ. "ಎರಡೂ ಒಂದೇ ಮೀನು ಕಣೇ," ಎಂದು ಅವಳ ಮೂಗಿಗೆ ತುಪ್ಪ ಸವರಿದ್ದ.

ಈಗ ಹಲ್ಲು ಗಿಂಜುತ್ತ ತಮ್ಮ ಬಂದ. "ಅಕ್ಕಾ, ಮ್ಯೂಸಿಯಂನವ್ರಿಗೆ ಜೋಡೀನೇ ಬೇಕಂತೆ. ನಿನ್ನದಿಲ್ದೆ ನನ್ನದನ್ನ ಮುಟ್ಟಲ್ವಂತೆ."

ಅಕ್ಕ ಒಳಗಿಂದ ತನ್ನ ಹಲಗೆ ತಂದಳು, ಜೊತೆಗೆ ಈರುಳ್ಳಿ ಹೆಚ್ಚುವ ಚಾಕು. ನೀರು ಚಿಮುಕಿಸಿ, ಅವನೆದುರೇ ಅಚ್ಚಿನ ಮೇಲೆ ಮಸೆಯತೊಡಗಿದಳು. ಚಾಕು ಹಿಡಿದವಳನ್ನು ತಡೆಯುವ ಎದೆ ಅವನಿಗಿರಲಿಲ್ಲ. ಮೆದು ಕಲ್ಲು, ರೆಕ್ಕೆ ಸವೆಯಿತು, ಆಮೇಲೆ ಕಣ್ಣಿನ ಗುಳಿಯೂ ಹೋಯಿತು.

ತಮ್ಮ ಗೊಳೋ ಎಂದು ಅತ್ತ.

"ಯಾಕೋ ಅಳ್ತೀಯ?" ಎಂದಳು. "ಎರಡೂ ಒಂದೇ ಮೀನು ಕಣೋ. ನಿಂದಿದೆಯಲ್ಲ."