ದಾಸಣ್ಣ ಸಮುದ್ರಕ್ಕೆ ಗುಡ್ಡೆ ಹಾಕಿದ್ದು

ಕಳ್ಳಂಬೆಳ್ಳದ ಕೆರೆಯಾಚೆ ಹಟ್ಟಿಯ ದಾಸಣ್ಣ ಗುಡ್ಡೆ ಹಾಕಿದ ಮಾಂಸದ ಮೇಲೆ ನೊಣ ಕೂಡ ಹೆಚ್ಚು ಕಮ್ಮಿ ಕೂರುತ್ತಿರಲಿಲ್ಲ. ಈ ಗುಡ್ಡೆಗೆ ಆರು ಬಂದರೆ ಆ ಗುಡ್ಡೆಗೂ ಆರು. ಒಂದು ನೊಣ ಹೆಚ್ಚಾಯಿತೆಂದರೆ ಅದು ಪಾಪ ಗಾಳಿಯಲ್ಲೇ ಸುತ್ತು ಹೊಡೆಯುತ್ತಾ ಜೊತೆಗಾರರು ಬರಲೆಂದು ಕಾಯುತ್ತಿತ್ತಂತೆ.

ಯುಗಾದಿ ಮಾರನೆಯ ದಿನ, ವರ್ಷತೊಡಕಿಗೆ, ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕೊಯ್ದರೆ ಪಾಲು ಹಾಕುವ ಕೆಲಸ ಅವನದೇ. ಪ್ರತಿ ಗುಡ್ಡೆಯಲ್ಲೂ ಒಂದು ಚೂರು ಈಲಿ, ಒಂದು ಚೂರು ಕೊಬ್ಬು, ಒಂದು ನಲ್ಲಿಮೂಳೆ, ತಲೆಯದೊಂದು ತುಣುಕು ಇರಲೇಬೇಕು. ಆಮೇಲೆ ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಗುಡ್ಡೆಯ ಕಡೆ ಕೋಲು ಚಾಚಿ, "ಇದ್ಯಾರ್ದ್ಲಾ?" ಎಂದು ಕೇಳುವುದು. ಅವನು ನೋಡದೆ ಯಾರ ಹೆಸರು ಹೇಳಿದರೆ ಆ ಗುಡ್ಡೆ ಅವರಿಗೆ. ತಂಟೆ ಇಲ್ಲ, ತಕರಾರಿಲ್ಲ.

ಇಡೀ ಹಟ್ಟಿ ಮೆಚ್ಚಿದ ಈ ವಿದ್ಯೆಗೆ ಮೂತಿ ತಿರುವುವವಳು ಒಬ್ಬಳೇ, ಅವನ ಹೆಂಡತಿ ರಾಧಾಮಣಿ. ಅವಳು ಕಾಲಿಟ್ಟ ಮನೆಯಲ್ಲಿ ಪಾಲಾಗದ ವಸ್ತುವೇ ಇರಲಿಲ್ಲ. ಹಲಸಿನಹಣ್ಣು ತಂದರೆ ಅವನಿಗೂ ಮೂವರು ಒಡಹುಟ್ಟಿದವರಿಗೂ ಸೇರಿ ನಾಲ್ಕು ಪಾಲು. ಅತ್ತೆ ತೀರಿಕೊಂಡಾಗ ಅವರ ರೇಷ್ಮೆ ಸೀರೆಯನ್ನು ಕೂಡ ದಾಸಣ್ಣ ಕತ್ತರಿ ಹಿಡಿದು ನಾಲ್ಕು ಮಾಡಿದ್ದ. ರಾಧಾಮಣಿಯ ಪಾಲಿಗೆ ಬಂದದ್ದು ಸೆರಗಿಲ್ಲದ, ಅಂಚಿಲ್ಲದ ನಡುವಿನ ಚೌಕ. ಅದನ್ನು ಅವಳು ಅವನ ಕಣ್ಣೆದುರಿಗೇ ಮಸಿಬಟ್ಟೆ ಮಾಡಿಕೊಂಡಿದ್ದಳು.

ಇಂಥವರ ಕೈಗೆ ಹೋದ ವರ್ಷ ಸಮುದ್ರವೇ ಸಿಕ್ಕಿತು.

ಆದದ್ದಿಷ್ಟು. ದಾಸಣ್ಣ, ಅವನ ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಈ ನಾಲ್ವರ ಜಂಟಿ ಹೊಲ ರಸ್ತೆಗೆ ಹೋಗಿ ಪರಿಹಾರ ಬಂದಿತ್ತು. ಅದೇ ಸಮಯಕ್ಕೆ ಶಿರಾದ ಪೆಟ್ರೋಲ್ ಬಂಕಿನಲ್ಲಿ ತುಂಬಿ ಹಾಕಿದ್ದ ಕೂಪನ್ನಿಗೆ ಫೋನ್ ಬಂತು. ಗಂಡ ಹೆಂಡತಿ ಜೋಡಿಯಾಗಿ ಮಧುಗಿರಿಯ ಹೋಟೆಲ್ ಹಾಲ್‌ಗೆ ಬಂದು ಒಂದು ಗಂಟೆ ಕೂತರೆ ಕುಕ್ಕರು ಪುಕ್ಕಟೆ. ದಾಸಣ್ಣ ಕುಕ್ಕರಿನ ಆಸೆಗೆ ಇಸ್ತ್ರಿ ಶರ್ಟು ಹಾಕಿದ. ರಾಧಾಮಣಿ, ಕುಕ್ಕರನ್ನೂ ನಾಲ್ಕು ತುಂಡು ಮಾಡುತ್ತಾನೇನೋ ನೋಡೋಣ ಅಂತ ಹೊರಟಳು.

ಹಾಲ್‌ನಲ್ಲಿ ರೆಸಾರ್ಟ್ ಕಂಪನಿಯ ಸಹನಾ ಎಂಬ ಹುಡುಗಿ ಒಂದು ದೊಡ್ಡ ಚಿತ್ರ ತೋರಿಸಿದಳು. ಬೆಳ್ಳಗಿನ ಹಾಸಿಗೆ, ಅದರೆದುರು ಗೋಡೆಯಗಲದ ಕಿಟಕಿ, ಕಿಟಕಿ ತುಂಬ ಸಮುದ್ರ. ಹಾಸಿಗೆಯ ಮೇಲೆ ಒಬ್ಬ ಹೆಂಗಸು ಸುಮ್ಮನೆ ಒರಗಿದ್ದಳು. ಕೈಯಲ್ಲಿ ಮೊರವಿಲ್ಲ, ಸೌಟಿಲ್ಲ. ಯಾರೂ ಅವಳನ್ನು ಕೂಗುತ್ತಿರಲಿಲ್ಲ.

"ಇವ್ಳು ಹಿಂಗೇ ಕೂತಿರ್ತಾಳಾ?" ಎಂದಳು ರಾಧಾಮಣಿ.

"ಹೌದು ಮೇಡಂ. ನೀವೂ ಕೂರಬಹುದು. ನಾನೂರು ಪಾಯಿಂಟು ತಗೊಂಡ್ರೆ ವರ್ಷಾ ವರ್ಷಾ ನಿಮ್ಮ ಲೆಕ್ಕಕ್ಕೆ ನಾನೂರು ಬಂದು ಬೀಳ್ತವೆ. ಈ ರೂಮಿಗೆ ಒಂದು ರಾತ್ರಿಗೆ ನೂರು. ಗಂಡ ಹೆಂಡತಿ ನಾಲ್ಕು ರಾತ್ರಿ ಆರಾಮಾಗಿ ಇದ್ದು ಬರಬಹುದು."

ಯಾವುದಕ್ಕೂ ಸುಲಭವಾಗಿ ಹೂಂ ಅನ್ನದ ರಾಧಾಮಣಿ ಅವತ್ತು ಹೂಂ ಅಂದಳು. ನಾಲ್ಕು ಬೆಳಗು, ಕಣ್ಣು ಬಿಟ್ಟರೆ ಕುರಿದೊಡ್ಡಿಯಲ್ಲ, ಸಮುದ್ರ. ಯಾರ ಪಾಲೂ ಇಲ್ಲದ ಒಂದು ಕೋಣೆ. ಅವಳು ಬಾಯಿಬಿಟ್ಟು ಕೇಳಿದ್ದು ಮದುವೆಯಾದ ಮೇಲೆ ಅದೊಂದೇ.

ದಾಸಣ್ಣ ಗಂಟಲು ಸರಿಮಾಡಿಕೊಂಡ. "ದುಡ್ಡು ನಾಕು ಜನದ್ದು ಕಣಮ್ಮ, ಹೊಲದ ಪರಿಹಾರದ್ದು. ಇದನ್ನ ನಾಕು ಗುಡ್ಡೆ ಹಾಕಕ್ಕೆ ಬತ್ತದಾ?"

"ನಾಲ್ಕು ಅಗ್ರಿಮೆಂಟಾ? ಮಾಡಬಹುದು ಸಾರ್, ನೂರು ನೂರು ಪಾಯಿಂಟಿಂದು. ಮುಂದೆ ಯಾರಿಗಾದ್ರೂ ಬೇಡ ಅಂದ್ರೆ ಅವರದ್ದೊಂದನ್ನ ಮಾರ್ಕೋಬಹುದು, ಮಕ್ಕಳಿಗೆ ಬೇರೆ ಬೇರೆ ಬರೆದುಕೊಡಬಹುದು. ಆದ್ರೆ ಒಂದೊಂದಕ್ಕೂ ವರ್ಷದ ಚಾರ್ಜು ಬೇರೆ ಬೇರೆ. ಯಾರ ಹೆಸರಲ್ಲಿರುತ್ತೋ ಅವರೇ ಬಂದು ಉಳೀಬೇಕು. ಒಂದ್ಸಲ ಬೇರೆ ಮಾಡಿದ್ರೆ ಮತ್ತೆ ಸೇರಿಸಕ್ಕಾಗಲ್ಲ. ನನ್ನ ಕೇಳಿದ್ರೆ ಒಂದೇ ಇರಲಿ ಸಾರ್."

"ನಿನ್ನ ಕೇಳ್ದೋರ್ಯಾರು?" ಎಂದ ದಾಸಣ್ಣ ನಗುತ್ತಾ. "ನಂಗೇ ಪಾಲು ಹೇಳ್ಕೊಡ್ತಿಯಾ? ನಾಕ್ ಮಾಡು. ಒಂದು ಪಾಯಿಂಟು ಆ ಕಡೆ ಈ ಕಡೆ ಆಗಬಾರ್ದು."

"ಇದು ಕುರಿಯಲ್ಲ ಕಣಯ್ಯಾ," ಎಂದಳು ರಾಧಾಮಣಿ. "ಕಾಲು ಭಾಗ ಈಲಿ ಬಾಯಿಗೆ ಹಾಕ್ಕೋಬೋದು. ಕಾಲು ಭಾಗ ಮಂಚದ ಮೇಲೆ ಹೆಂಗ್ ಮಲಗ್ತಿಯಾ? ತಲೆ ಇಲ್ಲಿ, ಕಾಲು ಹೊಳವನಳ್ಳಿ ನಿನ್ ತಮ್ಮನ ಮನೇಲಾ?"

"ನೀ ಸುಮ್ಕಿರು. ನಾಳೆ ತಮ್ಮಂದಿರು ಕೇಳಿದ್ರೆ?"

ಕುಕ್ಕರು ತಗೊಂಡು ಇಬ್ಬರೂ ಬಸ್ಸು ಹತ್ತಿದರು. ಶಿರಾ ಬರುವವರೆಗೂ ರಾಧಾಮಣಿ ಮಾತಾಡಲಿಲ್ಲ. ಅವಳ ಮೌನದ ಕಾವಿಗೆ ಕುಕ್ಕರು ನೀರಿಲ್ಲದೆ, ಒಲೆಯಿಲ್ಲದೆ ಒಂದು ಸಲ ಸೀಟಿ ಹೊಡೆಯಿತೆಂದು ಆ ಬಸ್ಸಿನಲ್ಲಿದ್ದವರು ಈಗಲೂ ಆಣೆ ಮಾಡುತ್ತಾರೆ.

ಅಗ್ರಿಮೆಂಟುಗಳು ಬಂದ ಭಾನುವಾರ ದಾಸಣ್ಣ ಅಂಗಳದಲ್ಲಿ ಕಂಬಳಿ ಹಾಸಿ ಒಡಹುಟ್ಟಿದವರನ್ನೆಲ್ಲ ಕರೆಸಿದ. ಮಧುಗಿರಿಯಿಂದ ಹನುಮಂತರಾಜು ಬಂದ. ಬಸ್ ಕಂಡಕ್ಟರು, ಚಿಲ್ಲರೆ ವಾಪಸು ಕೊಡುವುದನ್ನು ನೌಕರಿ ಸೇರಿದ ದಿನವೇ ಮರೆತವನು. ಹೊಳವನಹಳ್ಳಿಯಿಂದ ಕಿರಿಯವನು ಗೋಪಾಲ್ ಬಂದ. ಸಂತೆಗಳಿಗೆ ಕುರಿ ಸಾಗಿಸುವ ಟೆಂಪೋ ಅವನದು. ನಿಡುಗಲ್ಲಿನಿಂದ ತಂಗಿ ಓಬಳಮ್ಮ ಬಂದಳು. ಪಾವಗಡದ ಕಡೆ ಸೇರಿದ ಮೇಲೆ ಅವಳ ಬಾಯಲ್ಲಿ ಅರ್ಧ ತೆಲುಗು, ಅರ್ಧ ದೂರು. ನಾಲ್ಕು ಕಾಗದ ಕಂಬಳಿಯ ಮೇಲೆ ಇಟ್ಟದ್ದಾಯಿತು. ನಾಲ್ಕರಲ್ಲೂ ನೂರು ಪಾಯಿಂಟು, ನಾಲ್ಕೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಒಕ್ಕಣೆ. ನಾಲ್ಕರ ಮೇಲೂ ಅವರವರ ಹೆಸರು ಅಚ್ಚಾಗಿಯೇ ಇತ್ತು! ಆದರೂ ಗೋಪಾಲನನ್ನು ಬೆನ್ನು ತಿರುಗಿಸಿ ನಿಲ್ಲಿಸಿದ ದಾಸಣ್ಣ ಕೋಲು ಚಾಚಿದ.

"ಇದ್ಯಾರ್ದ್ಲಾ?"

"ಓಬಳಕ್ಕಂದು."

"ಅಲ್ಲ ಕಣ್ಲಾ, ಇದ್ರಾಗೆ ಹನುಮಂತನ ಹೆಸ್ರೈತೆ. ಇನ್ನೊಂದ್ಸಲ ಹೇಳು."

ಹೊಂದಿಕೆಯಾಗುವಷ್ಟರಲ್ಲಿ ರಾಧಾಮಣಿ ಒಳಗೆ ಎರಡು ಸೇರು ರಾಗಿ ಕೇರಿ ಮುಗಿಸಿದ್ದಳು. "ಮುಗೀತಾ ನಾಟಕ?" ಎಂದು ಬಾಗಿಲಿಗೆ ಬಂದಳು. "ಈಗ ಕೇಳ್ರಪ್ಪಾ. ನಿಮ್ ನಿಮ್ ರಾತ್ರೀನ ನೀವು ಮುಂದಿನ್ ವರ್ಷದಿಂದ ಹೋಗಿ ಮಲ್ಕೊಳಿ. ಈ ವರ್ಷ ಒಂದ್ಸಲ ನಾಲ್ಕೂ ನಂಗೆ ಬುಟ್ಕೊಡಿ."

"ಅದ್ಹೆಂಗಾಯ್ತದೆ ಅತ್ಗೆ?" ಎಂದ ಹನುಮಂತರಾಜು. "ಪಾಲು ಅಂದ್ಮ್ಯಾಲೆ ಪಾಲು. ಅಲ್ದೆ ಹೆಸ್ರಿದ್ದೋರೇ ಹೋಗ್ಬೇಕಲ್ಲ."

"ಔನು ವದಿನಾ," ಎಂದು ಓಬಳಮ್ಮನೂ ಅತ್ತಿಗೆಗೆ ಹೇಳಿದಳು. "ನಾ ಪಾಲು ನಾನೇ ತಿನ್ನಾಲಿ. ನಮ್ಮೂರಲ್ಲಿ ಎಲ್ರಿಗೂ ಹೇಳ್ಬುಟ್ಟಿದೀನಿ."

ದಾಸಣ್ಣನ ಮುಖ ಅರಳಿತು. "ಅದಕ್ಕೇನಂತೆ? ಎಲ್ರೂ ಒಟ್ಗೇ ಹೋಗಾನ! ಸಾಲಾಗಿ ನಾಕು ರಾತ್ರಿ ಬುಕ್ ಮಾಡಾನ. ಕಿರಿಯೋನು ಮೊದ್ಲು, ಹಿರಿಯೋನು ಕೊನೇಲಿ. ಹೆಂಗೆ ನನ್ ತಲೆ?"

"ತಲೇನೂ ಗುಡ್ಡೆಗೆ ಹೋಗೈತೆ, ನಿನ್ ಪಾಲಿಗೆ ಬಂದಿರೋದು ಬುರುಡೆ ಚಿಪ್ಪು," ಎಂದಳು ರಾಧಾಮಣಿ. ಆದರೂ ಸೀರೆ ಮಡಚಿಟ್ಟಳು. ನಾಲ್ಕು ಹೋಗಿ ಒಂದಾಯಿತು, ಆ ಒಂದನ್ನಾದರೂ ಬಿಡುವುದುಂಟೇ?

ಹೊರಟದ್ದು ಗೋಪಾಲನ ಕುರಿ ಟೆಂಪೋದಲ್ಲಿ. ತೊಳೆದಿದ್ದೇನೆ ಅಂತ ಅವನು ಹೇಳಿದ, ವಾಸನೆ ಒಪ್ಪಲಿಲ್ಲ. ದಾರಿಯುದ್ದಕ್ಕೂ ಎಲ್ಲೆಲ್ಲಿ ಮಂದೆ ಕಂಡಿತೋ ಅಲ್ಲಲ್ಲಿ ಕುರಿಗಳು ತಲೆಯೆತ್ತಿ ಬಂಧುಬಳಗ ಬಂತೆಂದು ಹಿಂದೆಯೇ ಓಡಿಬಂದವು. ಘಟ್ಟ ಇಳಿಯುವ ಹೊತ್ತಿಗೆ ಹಿಂದೆ ಎಷ್ಟು ಕುರಿ ಇದ್ದವೆಂದರೆ, ಚೆಕ್‌ಪೋಸ್ಟಿನವನು ಮೆರವಣಿಗೆಗೆ ಅನುಮತಿ ಪತ್ರ ಎಲ್ಲಿ ಅಂತ ಕೇಳಿದನಂತೆ.

ರೆಸಾರ್ಟು ಚಿತ್ರದಲ್ಲಿದ್ದ ಹಾಗೇ ಇತ್ತು. ಅದೇ ಬೆಳ್ಳಗಿನ ಹಾಸಿಗೆ, ಅದೇ ಕಿಟಕಿ. ಗೋಪಾಲ ಮಧ್ಯಾಹ್ನ ಎರಡಕ್ಕೆ ಒಳಗೆ ಹೋದ. ಇಬ್ಬರು ಮಲಗುವ ಕೋಣೆ, ಅವನೊಬ್ಬನೇ.

"ಇನ್ನೊಬ್ರಿಗೆ ಜಾಗ ಐತಲ್ಲಪ್ಪ, ನಿಮ್ಮ ಅತ್ಗೇನೂ ವಸಿ ಹೊತ್ತು ಕೂತು ಸಮುದ್ರ ನೋಡ್ಲಿ," ಎಂದು ದಾಸಣ್ಣ ಹೇಳಬಹುದಿತ್ತು, ಹೇಳಲಿಲ್ಲ. ನ್ಯಾಯ ತಪ್ಪೀತಲ್ಲ! ಲಾಡ್ಜಿಗೆ ಹೋಗೋಣವೆಂದರೆ, "ನಮ್ದೇ ರೂಮಿರುವಾಗ ಲಾಡ್ಜಾ?" ಎಂದ. ಹೊರಗುಳಿದವರು ಗೇಟಿನಾಚೆ, ಅಡಿಗೆಮನೆಯ ಹಿಂದೆ ನಿಲ್ಲಿಸಿದ ಟೆಂಪೋದಲ್ಲಿ ಕಂಬಳಿ ಹೊದ್ದು ಮಲಗಿದರು. ಊಟ ಪಾಯಿಂಟಿಗೆ ಸೇರಿರಲಿಲ್ಲ. ಹಾಗಾಗಿ ಗಾಳಿಮರದ ಕೆಳಗೆ ಸೀಮೆಎಣ್ಣೆ ಸ್ಟೌ ಹಚ್ಚಿ ಮುದ್ದೆ ತಿರುವಿದವಳು ರಾಧಾಮಣಿ. ಹತ್ತಿರದಲ್ಲೇ ಸಮುದ್ರ ಭೋರೆನ್ನುತ್ತಿತ್ತು. ಅವಳಿಗೆ ಕಂಡದ್ದು ಮುದ್ದೆಯ ಹಬೆ.

ಬೆಳಿಗ್ಗೆ ಹತ್ತಕ್ಕೆ ಗೋಪಾಲನನ್ನು ಹೊರಗೆ ಹಾಕಿದರು. ಎರಡಕ್ಕೆ ಅದೇ ಕೋಣೆಗೆ ಓಬಳಮ್ಮ ಒಳಗೆ. ಅವಳು ಒಳಗಿಂದಲೇ ಫೋನು ಮಾಡಿ, "ವದಿನಾ, ಎಸಿ ಚಳಿ ಜಾಸ್ತಿ ಉಂದಿ, ವಸಿ ಬಿಸಿ ಸಾರು ತಂದುಕೊಡ್ತಿಯಾ?" ಎಂದಳು. ರಾಧಾಮಣಿ ಸಾರಿನ ಚೊಂಬು ಹಿಡಿದು ಬಾಗಿಲವರೆಗೆ ಹೋದಳು. ಓಬಳಮ್ಮ ಕೈ ಮಾತ್ರ ಹೊರಗೆ ಚಾಚಿ ಚೊಂಬು ತಗೊಂಡು ಬಾಗಿಲು ಹಾಕಿಕೊಂಡಳು. ಮರುದಿನ ಹನುಮಂತರಾಜು ಹೋದ. ಸ್ನಾನದ ಮನೆಯ ಪುಟ್ಟ ಸೋಪುಗಳನ್ನು ಜೇಬಿಗೆ ತುಂಬಿಕೊಂಡು ಬಂದು, "ನನ್ ಪಾಲಿನವು" ಎಂದ.

ನಾಲ್ಕನೆಯ ದಿನ ಮಧ್ಯಾಹ್ನ ದಾಸಣ್ಣನ ಸರದಿ. ರಾಧಾಮಣಿ ಮುಖ ತೊಳೆದು, ಬೇರೆ ಸೀರೆ ಉಟ್ಟು, ಸ್ಟೌವನ್ನು ಕಾಲಿನಿಂದ ಟೆಂಪೋದ ಕೆಳಕ್ಕೆ ನೂಕಿ ಬಂದಳು. ಕೌಂಟರಿನಲ್ಲಿ ದಾಸಣ್ಣ ಸಹಿ ಹಾಕಿದ. ಹುಡುಗಿ ಎರಡು ಬೀಗದ ಕಾರ್ಡು ಕೊಟ್ಟಳು. ಅಷ್ಟರಲ್ಲಿ ಗೋಪಾಲ, ಓಬಳಮ್ಮ, ಹನುಮಂತರಾಜು ಬಂದು ಸಾಲಾಗಿ ನಿಂತರು. ಅವರನ್ನು ನೋಡಿ ರಾಧಾಮಣಿ ಗಂಡನ ಕಡೆ ತಿರುಗಿದಳು.

ದಾಸಣ್ಣ ಉದಾರವಾಗಿ ನಕ್ಕ. "ನೋಡು ರಾಧಾ, ಹಿರೀಕ ಆದೋನು ತನ್ ಪಾಲು ಒಬ್ನೇ ತಿಂದ್ರೆ ಚೆನ್ನಾಗಿರಲ್ಲ. ಅದ್ಕೇ ನಮ್ ರಾತ್ರೀನ ಇವರ ಜೊತೆ ನಾಕು ಗುಡ್ಡೆ ಹಾಕಿದೀನಿ. ಈಗಿಂದ ಸಂಜೆಗಂಟ ಗೋಪಾಲಂದು. ಆಮೇಲೆ ಊಟದ ಹೊತ್ತಿನಗಂಟ ಓಬಳಂದು. ಆಮೇಲೆ ಹನುಮಂತ. ಕೊನೇ ಪಾಲು ನಮ್ದು. ಬೆಳಗಿನ ಜಾವ! ತಂಪಾಗಿರ್ತದೆ."

"ಅವ್ರು ನಿಂಗೇನು ಕೊಟ್ರು? ಅವ್ರ ರಾತ್ರೀಲಿ ನಿಂಗೆ ಗುಡ್ಡೆ ಬಂತಾ?"

"ಅವ್ರು ಕಿರಿಯೋರು ಕಣೇ. ಕೊಡೋದು ನಮ್ ಧರ್ಮ."

ಹನುಮಂತರಾಜು ಜೇಬು ತಟ್ಟಿಕೊಂಡ. "ಇವತ್ತಿಂದು ಹೊಸಾ ಸೋಪು ಇಟ್ಟಿರ್ತಾರಲ್ವಾ?"

ರಾಧಾಮಣಿ ನಾಲ್ವರನ್ನೂ ಒಂದು ಸಲ ನೋಡಿದಳು. ಸಂತೆಯಲ್ಲಿ ಹಲ್ಲು ಬಿದ್ದ ಕುರಿಯನ್ನು ನೋಡುವ ನೋಟ ಅದು. ಗಂಡನ ಕೈಯಿಂದ ಎರಡೂ ಕಾರ್ಡು ಕಿತ್ತುಕೊಂಡಳು. ಕಣಿವೆಯ ಕಾಲುದಾರಿಯಲ್ಲಿ ತೋಳ ಕಂಡ ಆಡೂ ಅಷ್ಟು ವೇಗವಾಗಿ ಓಡಿರಲಿಕ್ಕಿಲ್ಲ. ಅವಳ ಚಪ್ಪಲಿ ಇನ್ನೂ ಕೌಂಟರಿನ ಮುಂದೆಯೇ ಇದ್ದವು, ಅವಳು ಕೋಣೆಯೊಳಗಿದ್ದಳು. ಬಾಗಿಲು ಮುಚ್ಚಿತು. ಅಗುಳಿ ಬಿತ್ತು. ಮೇಲಿನ ಸರಪಳಿಯೂ ಬಿತ್ತು.

"ಲೇ ರಾಧಾ! ಬಾಗ್ಲು ತೆಗಿಯೇ!"

"ಬೆಳಿಗ್ಗೆ ಹತ್ತಕ್ಕೆ ತೆಗೀತೀನಿ."

"ಅತ್ಗೆ, ಇದು ಅನ್ಯಾಯ ಕಣತ್ಗೆ," ಎಂದ ಗೋಪಾಲ. "ನನ್ ಗುಡ್ಡೆ ಟೈಮು ಹೋಯ್ತಾ ಐತೆ."

"ಹೋಗ್ಲಿ ಬುಡು. ಅದೇನು ನಿಮ್ಮೂರ ಬಸ್ಸಾ, ಹೋದ್ರೆ ಇನ್ನೊಂದು ಬರಕ್ಕೆ?"

"ನೋಡಿದೋರು ಏನಂದಾರೇ?" ಎಂದು ದಾಸಣ್ಣ ಗೋಗರೆದ. "ನನ್ ಮಾತಿಗೆ ಬೆಲೆ ಬೇಡ್ವಾ? ಮೂರು ಜನಕ್ಕೂ ಮಾತು ಕೊಟ್ಬುಟ್ಟಿದೀನಿ."

"ಕೊಟ್ಟಿರೋದು ನಿನ್ ಮಾತು ತಾನೆ? ಅದ್ನೇ ಹಂಚ್ಕೊಳಿ. ರೂಮು ನಂದು."

ಬಾಗಿಲು ದಬದಬ ಬಡಿಯತೊಡಗಿದರು. ರಾಧಾಮಣಿ ಹಾಸಿಗೆಯ ಮೇಲೆ ಕೂತಳು. ಕಾಲು ಮೇಲೆಳೆದುಕೊಂಡಳು. ದಿಂಬು ಎರಡಿದ್ದವು, ಎರಡನ್ನೂ ಬೆನ್ನಿಗೆ ಇಟ್ಟುಕೊಂಡಳು. ಕಿಟಕಿಯ ಪರದೆ ಸರಿಸಿದರೆ ಸಮುದ್ರ, ಈ ತುದಿಯಿಂದ ಆ ತುದಿಯವರೆಗೆ, ಒಂದೇ. ಬಹಳ ಹೊತ್ತು ನೋಡಿದಳು. ಅಲೆ ಬರುತ್ತಿತ್ತು, ಒಡೆಯುತ್ತಿತ್ತು, ವಾಪಸು ಹೋಗಿ ನೀರೊಳಗೆ ಸೇರಿಕೊಳ್ಳುತ್ತಿತ್ತು.

ಬಾಗಿಲ ಸದ್ದು ಜೋರಾಯಿತು. ಓಬಳಮ್ಮ ತೆಲುಗಿನಲ್ಲಿ ಶಾಪ ಹಾಕುತ್ತಿದ್ದಳು. ಮಂಚದ ಪಕ್ಕದ ಫೋನು ಗುರ್ರೆಂದಿತು. ಕೌಂಟರಿನ ಹುಡುಗಿ.

"ಮೇಡಂ, ನಿಮ್ಮ ಬಾಗಿಲ ಹತ್ರ ಯಾರೋ ಗಲಾಟೆ ಮಾಡ್ತಿದಾರಂತೆ. ನಿಮ್ಮ ಕಡೆಯವರಾ?"

ರಾಧಾಮಣಿ ದಿಂಬಿಗೆ ಇನ್ನಷ್ಟು ಒರಗಿದಳು.

"ಯಾರೋ ಗೊತ್ತಿಲ್ಲ ಕಣವ್ವಾ," ಎಂದಳು. "ಆ ಕುರಿ ಟೆಂಪೋದೋರ ಥರ ಕಾಣ್ತಾರೆ. ವಾಚ್‌ಮನ್ನಿಗೆ ಹೇಳಿ ಗೇಟಿಂದಾಚೆ ಕಳ್ಸು. ಹಂಗೇ ಒಂದು ಲೋಟ ಕಾಫಿ ಕಳ್ಸವ್ವ, ಸಕ್ರೆ ಜಾಸ್ತಿ. ಒಂದೇ ಲೋಟ."

ಫೋನಿಟ್ಟು ಅವಳು ಕಿಟಕಿಯ ಗಾಜಿನ ಬಾಗಿಲನ್ನೂ ತೆರೆದಳು.