ಹತ್ತೊಂಬತ್ತು ಬಾಗಿಲು

ಒರತೆಯಿಂದ ಮೇಲೆ ಹತ್ತುವಾಗ ಮನ್ಸರಾ ಏಳು ಕಡೆ ನಿಲ್ಲುತ್ತಿದ್ದಳು. ಮೊದಲೆಲ್ಲ ಮೂರೇ ಕಡೆ. ಹೊರೆ ಹೊರುವ ಹಣೆಪಟ್ಟಿಯಿಂದ ಬೆನ್ನಿಗೆ ಬಿಗಿದ ತಾಮ್ರದ ಕೊಡ, ಕೈಯಲ್ಲೊಂದು ಕೋಲು. ದಿನಕ್ಕೆ ನಾಲ್ಕು ಸಲ. ಕೊಡ ಇಳಿಸಿದ ಮೇಲೂ ಕತ್ತು ಮುಂದಕ್ಕೇ ಬಾಗಿರುತ್ತಿತ್ತು.

ಸೊಸೆ ಫುಲ್ಮಾಯಾಗೆ ಏಳು ತಿಂಗಳು. ಹೋದ ಚಳಿಗಾಲದಲ್ಲಿ ಇದೇ ದಾರಿಯಲ್ಲಿ, ಹಿಮಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಅವಳ ಮೊದಲ ಬಸಿರು ಹೋಗಿತ್ತು. ಈ ಸಲ ಕೊಡ ಮುಟ್ಟಲು ಮನ್ಸರಾ ಬಿಟ್ಟಿರಲಿಲ್ಲ. ಆದರೆ ತನ್ನ ಮಂಡಿ ಇನ್ನೆಷ್ಟು ದಿನ ತಡೆಯುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮೇಲಿನ ಊರು ನಗರಪಾಲಿಕೆಯಾಗಲು ತಲೆಎಣಿಕೆಯಲ್ಲಿ ಜನ ಸಾಲದೆ ಹೋಗಿದ್ದರು. ಆಗ ಅಲ್ಲಿನ ಲಾಡ್ಜಿನ ಮಾಲೀಕ ಖಡಾನಂದ ತಾನೇ ಈ ಕಮ್ಮಾರರ ಕೇರಿಗೆ ಇಳಿದು ಬಂದಿದ್ದ. ಅದುವರೆಗೆ ಮೈಲಿಗೆಯೆಂದು ಇಲ್ಲಿ ಒಂದು ಹನಿ ನೀರೂ ಕುಡಿಯದವನು ಅವತ್ತು ಮನ್ಸರಾಳ ಮನೆಯಲ್ಲಿ ಚಹಾ ಕುಡಿದ.

"ಮಲೇಷ್ಯಾದಿಂದ ವರ್ಷಕ್ಕೊಮ್ಮೆ ಬರೋ ಮಗನ್ನೂ ಬರ್ಸಮ್ಮಾ. ಒಬ್ಬರೂ ಬಿಡ್ಬೇಡಿ."

"ನನ್ನ ಮೇಕೆ ಎರಡಿವೆ, ಅವನ್ನೂ ಬರ್ಕೊಳ್ತೀರಾ?" ಎಂದು ಪಕ್ಕದ ಮನೆಯ ಜೌಕಲಿ ನಕ್ಕಿದ್ದಳು.

ಕೇರಿಯ ಹತ್ತೊಂಬತ್ತು ಬಾಗಿಲುಗಳ ಮೇಲೆ ಕೆಂಪು ಬಣ್ಣದಲ್ಲಿ ಎಣಿಕೆಯ ಅಂಕಿ ಬಿತ್ತು. ಊರು ನಗರವಾಯಿತು. ಖಡಾನಂದ ವಾರ್ಡಿನ ಅಧ್ಯಕ್ಷನಾದ. ಈ ವರ್ಷ ನಲ್ಲಿಯ ಕೊಳವೆಗಳು ಬಂದವು. ಖಡಾನಂದನ ಲಾಡ್ಜಿನವರೆಗೆ ಬಂದು ಅಲ್ಲೇ ನಿಂತವು.

ನಲ್ಲಿ ಕೇಳಲು ಮನ್ಸರಾ ವಾರ್ಡಿನ ಕಚೇರಿಗೆ ಹೋದಳು. ಗುಮಾಸ್ತ ತಲೆಯೆತ್ತಲಿಲ್ಲ.

"ನಿಮ್ಮ ಕೇರಿ ಪಟ್ಟೀಲಿ ಇಲ್ಲಮ್ಮ. ಅದು ಕಾಡಿನ ಜಾಗ."

"ತಲೆ ಎಣಿಸುವಾಗ ಆ ಕಾಡು ಎಲ್ಲಿಗೆ ಹೋಗಿತ್ತು, ಸಾಹೇಬ್ರೇ?"

"ಎಣಿಸಿದ್ದಕ್ಕೆ ಏನಾದ್ರೂ ಪುರಾವೆ ಇದ್ರೆ ತಗೊಂಡ್ಬಾ."

ಮನೆಗೆ ಬಂದವಳು ಅಂಗಳದಲ್ಲೇ ಕೂತಳು. ಎದುರಿಗೆ ಬಾಗಿಲು. ಬಾಗಿಲ ಮೇಲೆ ನಾನೂರ ಹನ್ನೆರಡು. ಬಹಳ ಹೊತ್ತು ನೋಡುತ್ತಲೇ ಇದ್ದಳು.

"ಜೌಕಲೀ, ಈ ಬಾಗಿಲು ಬಿಚ್ಚಕ್ಕೆ ಒಂದು ಕೈ ಹಾಕು."

"ತಲೆ ಕೆಟ್ಟಿದ್ಯಾ ಅಕ್ಕಾ? ಬಾಗಿಲು ಹೊತ್ಕೊಂಡು ಗುಡ್ಡ ಹತ್ತುತೀಯಾ?"

"ಪುರಾವೆ ಕೇಳಿದಾನೆ. ನೋಡಕ್ಕೆ ಅವನೇನು ಇಳಿದು ಬರ್ತಾನಾ?"

ಜೌಕಲಿ ಬಾಗಿಲ ಕೀಲುಗಳನ್ನು ತಡವಿ ನೋಡಿದಳು. ಆಮೇಲೆ ಸುತ್ತಿಗೆ ತರಲು ಹೋದಳು.

ಕೀಲುಗಳೆಲ್ಲ ಕೇರಿಯವರೇ ಕುಲುಮೆಯಲ್ಲಿ ಬಡಿದು ಮಾಡಿದವು. ಬಿಚ್ಚಲು ಕಷ್ಟವಾಗಲಿಲ್ಲ. ಸುದ್ದಿ ಹಬ್ಬಿ, ಕತ್ತಲಾಗುವಷ್ಟರಲ್ಲಿ ಎಲ್ಲ ಮನೆಯ ಬಾಗಿಲೂ ಕಳಚಿತ್ತು. ಮರುದಿನ ಬೆಳಿಗ್ಗೆ ಹತ್ತೊಂಬತ್ತು ಹೆಂಗಸರು ಹಣೆಪಟ್ಟಿಗೆ ಬಾಗಿಲು ಬಿಗಿದು ಹೊರಟರು. ದಾರಿಯುದ್ದಕ್ಕೂ ಏದುಸಿರಷ್ಟೇ ಕೇಳುತ್ತಿತ್ತು. ಮೇಲೆ ತಲುಪಿ ಕಚೇರಿಯ ಗೋಡೆಗೆ ಬಾಗಿಲುಗಳನ್ನು ಸಾಲಾಗಿ ಒರಗಿಸಿ, ಅಂಗಳದಲ್ಲಿ ಕೂತುಬಿಟ್ಟರು.

ಖಡಾನಂದ ಹೊರಗೆ ಬಂದ.

"ಏನಿದು ನಾಟಕ?"

"ನಾಟಕ ಅಲ್ಲ ಸಾಹೇಬ್ರೇ, ಪುರಾವೆ," ಎಂದಳು ಮನ್ಸರಾ. "ನೀವೇ ಬರೆಸಿದ್ದು. ಓದ್ಕೊಳಿ."

ಅವನು ಅಂಕಿಗಳ ಮೇಲೆ ಕಣ್ಣಾಡಿಸಿದ. ಜವಾನನ ಕಡೆ ತಿರುಗಿದ. "ಏನೋ ನೋಡ್ತಾ ನಿಂತಿದ್ದೀಯ? ಉಜ್ಜಿ ಹಾಕೋ ಅದನ್ನ!"

ಜವಾನ ಅಂಗಳದ ನಲ್ಲಿ ತಿರುಗಿಸಿದ. ಬಕೆಟ್ಟು ತುಂಬಿತು. ಅವನು ಚಿಂದಿ ಬಟ್ಟೆಯಿಂದ ಉಜ್ಜಿದ, ಕಲ್ಲಿನಿಂದ ಉಜ್ಜಿದ. ಅಂಕಿ ಜಗ್ಗಲಿಲ್ಲ. ಅವಸರದಲ್ಲಿ ಅವನು ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದ. ನೀರು ಸುಮ್ಮನೆ ಮೋರಿಗೆ ಹರಿಯುತ್ತಿತ್ತು.

ಮನ್ಸರಾ ಆ ನೀರನ್ನೇ ನೋಡಿದಳು. ಮಂಡಿ ಹಿಡಿದು ಎದ್ದಳು. ನಡೆದು ಹೋಗಿ ನಲ್ಲಿಗೆ ಬೊಗಸೆಯೊಡ್ಡಿದಳು.

"ಏಯ್, ಮುಟ್ಬೇಡ! ಮುಟ್ಬೇಡ!" ಗುಮಾಸ್ತ ಕಿಟಕಿಯಿಂದ ಕಿರುಚಿದ.

ಅವಳು ಹೊಟ್ಟೆ ತುಂಬ ಕುಡಿದಳು. ಬಾಯಿ ಒರೆಸಿಕೊಂಡಳು.

"ನಾವು ಪಟ್ಟೀಲೇ ಇಲ್ಲವಲ್ಲ ಸಾಹೇಬ್ರೇ. ಯಾರೂ ಮುಟ್ಟಿಲ್ಲ ಅಂತ ಬರ್ಕೊಳಿ."

ಅವಳ ಹಿಂದೆ ಜೌಕಲಿ ಸೊಂಟ ಹಿಡಿದು ಎದ್ದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು ನಲ್ಲಿಯ ಕಡೆ ನಡೆದರು.