ಚೇರ್ಮನ್ನರು ಕರ್ಪೂರ ಆರಿಸಿದ್ದು

ಆವನಿ ದಾಟಿ ಮುಂದಕ್ಕೆ ಹೋದರೆ ಸಿಗುವ ಗುಡ್ಡೇನಹಳ್ಳಿಯಲ್ಲಿ ಪಂಚಾಯ್ತಿ ಕೂರುತ್ತಿದ್ದದ್ದು ಆಂಜನೇಯನ ಗುಡಿಯ ಮಂಟಪದಲ್ಲಿ. ಸರ್ಕಾರ ಕಾಯ್ದೆ ಮಾಡಿ, ಓಟು ಹಾಕಿಸಿ, ಚೇರ್ಮನ್, ಮೆಂಬರ್ ಅಂತ ಹೆಸರು ಕೊಟ್ಟು ವರ್ಷಗಳೇ ಆಗಿದ್ದವು. ಹೆಸರು ಹೊಸದು, ನ್ಯಾಯ ಮಾತ್ರ ಅಜ್ಜನ ಕಾಲದ್ದೇ. ಇಬ್ಬರು ಜಗಳವಾಡಿಕೊಂಡು ಬಂದರೆ ಸಾಕ್ಷಿ ಗೀಕ್ಷಿ ಯಾರಿಗೆ ಬೇಕು? ಗರ್ಭಗುಡಿಯ ಮುಂದೆ ಕರ್ಪೂರ ಹಚ್ಚಿ, ಉರಿಯುವಾಗಲೇ ಅಂಗೈಯಿಂದ ತಟ್ಟಿ ಆರಿಸಿ, ‘ನಾನು ಹೇಳಿದ್ದೇ ಸತ್ಯ’ ಅಂದವನು ಗೆದ್ದ. ಕೈ ಹಿಂದೆಗೆದವನು ಸೋತ. ಅಲ್ಲಾ ಸ್ವಾಮಿ, ಹೊಸಿಲು ತುಳಿಯೋದಕ್ಕೇ ಅಪ್ಪಣೆ ಇಲ್ಲದವನ ಗತಿ ಏನು? ಅವನು ಮನೆ ಬಿಡುವಾಗಲೇ ಸೋತಿರುತ್ತಿದ್ದ.

ಹಾಗೆ ಹೊಸಿಲಾಚೆ ಉಳಿದವನು ಕದಿರಪ್ಪ. ಹೊಲೆಯರ ಕೇರಿಯವನು, ಊರಿನ ಚಾಕರಿ ಮಾಡುವ ತೋಟಿ. ಸರ್ಕಾರವೇ ಅವನನ್ನು ಪಂಚಾಯ್ತಿಗೆ ಮೆಂಬರಾಗಿ ನೇಮಿಸಿತ್ತು. ಒಳಗೆ ಸಭೆ ನಡೆಯುವಾಗ ಅವನು ಪೌಳಿ ಗೋಡೆಯ ಹೊರಗೆ ಬಿಸಿಲಲ್ಲಿ ಕೂತಿರುತ್ತಿದ್ದ. ಒಳಗಿನವರು ಎಲ್ಲ ಮುಗಿಸಿಕೊಂಡು ಎದ್ದಮೇಲೆ ಯಾರಾದರೂ ಒಬ್ಬರು, “ಏನ್ಲಾ ಕದಿರ, ಒಪ್ಪಿಗೇನಾ?” ಅನ್ನುವರು. ಅವನು ಒಪ್ಪಿಗೆ ಅನ್ನುವನು. ಎಂಥ ಚೆಂದದ ಮೆಂಬರ್‌ಗಿರಿ!

ಚೇರ್ಮನ್ ಗಂಗುಲಪ್ಪನಿಗೆ ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಮುಳಬಾಗಿಲಿಗೆ ಹೋದಾಗೆಲ್ಲ ಪೇಪರ್ ಓದಿಸಿ ಕೇಳುತ್ತಿದ್ದ ಮನುಷ್ಯ. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಪರದಾಡುತ್ತಿದ್ದ ಆ ವರ್ಷ ಅವನು ಒಂದು ಠರಾವು ತಂದ. ಇನ್ನು ಮೇಲೆ ಪಂಚಾಯ್ತಿ ಗುಡಿಯಲ್ಲಿ ಕೂರಬಾರದು, ಹುಣಸೆಮರದ ಕೆಳಗೆ ಎಲ್ಲ ಮೆಂಬರುಗಳೂ ಒಂದೇ ಜಮಖಾನೆಯ ಮೇಲೆ ಕೂರಬೇಕು. ಕರ್ಪೂರ ನಿಲ್ಲಬೇಕು, ಸಾಕ್ಷಿ ಕೇಳಿ ನ್ಯಾಯ ಹೇಳಬೇಕು. ದೇವರು ದೇವರ ಕೆಲಸ ನೋಡಿಕೊಳ್ಳಲಿ, ಊರಿನ ಕೆಲಸ ನಾವು ನೋಡಿಕೊಳ್ಳೋಣ.

ಅವಸರಕ್ಕೆ ಕಾರಣವೂ ಇತ್ತು. ಕದಿರಪ್ಪನಿಗೆ ತೋಟಿ ಕೆಲಸಕ್ಕೆ ಇನಾಮಾಗಿ ಬಂದಿದ್ದ ರಾಗಿ ಹೊಲವನ್ನು ಗುಡಿಯ ಮಾನ್ಯದ್ದು ಅಂತ ಧರ್ಮದರ್ಶಿ ಸುಬ್ಬರಾಯಪ್ಪ ತಗಾದೆ ತೆಗೆದಿದ್ದ. ಆ ಹೊಲ ಬಿಟ್ಟರೆ ಕದಿರಪ್ಪನ ಮನೆಗೆ ಹಿಡಿ ಹಿಟ್ಟಿಲ್ಲ. ನ್ಯಾಯ ಗುಡಿಯೊಳಗೇ ನಡೆದರೆ ಹೊಲ ಹೋದಂತೆಯೇ.

ಠರಾವು ಕೇಳಿ ಸುಬ್ಬರಾಯಪ್ಪ ಸಿಟ್ಟಾಗಲಿಲ್ಲ. ಎಲೆಯಡಿಕೆ ಉಗುಳಿ ಬಂದು ಮೆತ್ತಗೆ ಹೇಳಿದ.

“ಗಂಗುಲಪ್ಪಾ, ನಾವೇನು ಬೇಡ ಅಂತೀವಾ? ಆದ್ರೆ ನಿಂಗೆ ಸ್ವಾಮಿ ಮೇಲೆ ದ್ವೇಷ ಇದೆ, ಯಾರೋ ತಲೆ ಕೆಡಿಸವ್ರೆ ಅಂತ ಜನ ಆಡ್ಕೊಂತಾ ಅವ್ರೆ. ಅಂಥಾದ್ದೇನೂ ಇಲ್ಲ ಅಂತ ಒಂದು ಕರ್ಪೂರ ಆರಿಸ್ಬಿಡು. ಇಲ್ಲೇ ಕೈ ಎತ್ತಿ ಠರಾವು ಪಾಸು ಮಾಡ್ತೀವಿ.”

ಮೆಂಬರುಗಳೆಲ್ಲ ಹೌದು ಹೌದು ಅಂದರು. ಗಂಗುಲಪ್ಪ ಒಂದು ದಿನ ಕೇಳಿಕೊಂಡು ಮನೆಗೆ ಬಂದ. ಹೆಂಡತಿ ಆದಿಲಕ್ಷ್ಮಮ್ಮ ಮುದ್ದೆ ಬಡಿಸುತ್ತಾ, “ಕರ್ಪೂರ ಬ್ಯಾಡ ಅನ್ನೋಕೆ ಕರ್ಪೂರಾನೇ ಆರಿಸ್ಬೇಕಾ? ಚೆನ್ನಾಗೈತೆ!” ಅಂದಳು.

“ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಕಣೇ. ಇದೊಂದ್ಸಲ.”

ಮಾರನೆಯ ದಿನ ಸ್ನಾನ ಮಾಡಿ ಗುಡಿಗೆ ಹೊರಟ. ಪೌಳಿಯ ಹೊರಗೆ ಕದಿರಪ್ಪ ಕೈಮುಗಿದು ನಿಂತಿದ್ದ. “ಹೋಗ್ಬನ್ನಿ ಸ್ವಾಮೀ. ಹೊಲ ಒಂದು ಉಳ್ಕೊಂಡ್ರೆ ಸಾಕು,” ಅಂದ. ಗಂಗುಲಪ್ಪ ಕರ್ಪೂರ ಆರಿಸಿ ಬಂದ. ಸುಬ್ಬರಾಯಪ್ಪ ಮಾತಿಗೆ ತಪ್ಪಲಿಲ್ಲ, ಮೊದಲು ಕೈ ಎತ್ತಿದವನು ಅವನೇ. ಠರಾವು ಪಾಸಾಯಿತು.

ಮುಂದಿನ ಸಭೆ ಹುಣಸೆಮರದ ಕೆಳಗೆ. ಜಮಖಾನೆಯ ಒಂದು ಮೂಲೆಯಲ್ಲಿ ಕದಿರಪ್ಪ ಮುದುಡಿಕೊಂಡು ಕೂತ. ಪಕ್ಕದ ಕೋದಂಡರಾಮಪ್ಪ ಪಂಚೆ ಎಳೆದುಕೊಂಡು ಅತ್ತ ಸರಿದ, ಆದರೆ ಏಳಲಿಲ್ಲ. ಕದಿರಪ್ಪ ಊರಿನ ದೊಡ್ಡವರ ಸಮಕ್ಕೆ ಕೂತದ್ದನ್ನು ನೋಡಿ ಗಂಗುಲಪ್ಪನ ಎದೆ ಉಬ್ಬಿತು. ಅಬ್ಬಾ, ಆಯಿತಲ್ಲ ಅಂದುಕೊಂಡ.

ಹೊಲದ ನ್ಯಾಯ ಬಂತು. ಬಾಂದುಕಲ್ಲು ಎಲ್ಲಿತ್ತು, ಯಾರು ಕಿತ್ತರು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗಂಗುಲಪ್ಪ ಸಾಕ್ಷಿ ಯಾರಾದರೂ ಇದ್ದೀರಾ ಅಂತ ಕೇಳಿದ. ಒಬ್ಬ ಕೆರೆ ಕಡೆ ನೋಡಿದ, ಇನ್ನೊಬ್ಬ ಕೆಮ್ಮಿದ. ಧರ್ಮದರ್ಶಿಯ ಎದುರು ಬಾಯಿ ಬಿಡುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ. ಕಡೆಗೆ ಗಂಗುಲಪ್ಪ ತಾನೇ ಎದ್ದು ನಿಂತ.

“ನಾನು ಹೇಳ್ತೀನಿ. ಆ ಕಲ್ಲನ್ನ ನಮ್ಮಪ್ಪ ನಂಗೆ ತೋರ್ಸಿದ್ದ. ಹೊಲ ಕದಿರಪ್ಪಂದೇ.”

“ನೀನು ಇವನ ಪಾರ್ಟಿ ಅಲ್ವೇನಪ್ಪಾ,” ಅಂದ ಸುಬ್ಬರಾಯಪ್ಪ. “ಇವನಿಗೋಸ್ಕರಾನೇ ಇಷ್ಟೆಲ್ಲಾ ಮಾಡ್ದೋನು. ನಿನ್ನ ಮಾತು ಹೆಂಗೆ ನಂಬೋದು?”

“ಕಣ್ಣಾರೆ ಕಂಡಿದೀನಿ ಅಂತ ಹೇಳ್ತಾ ಇಲ್ವೇನಯ್ಯಾ!”

“ಹಂಗಾದ್ರೆ ಗುಡಿಗೆ ಹೋಗಿ ಕರ್ಪೂರ ಆರಿಸಿ ಹೇಳು. ಮೊನ್ನೆ ಆರಿಸಿದೋನಿಗೆ ಇವತ್ತೇನು ಬಂತು? ನೀನು ಆರಿಸಿದ್ರೆ ಹೊಲ ಇವನದೇ, ನಾನು ಮತ್ತೆ ಉಸಿರೆತ್ತಲ್ಲ.”

ಗಂಗುಲಪ್ಪನಿಗೆ ಆಗ ಹೊಳೆಯಿತು. ಮೊನ್ನೆ ಅವನ ಮಾತನ್ನು ಯಾರೂ ನಂಬಿರಲಿಲ್ಲ, ಕರ್ಪೂರವನ್ನು ನಂಬಿದ್ದರು. ಅದನ್ನು ನಂಬಿಸಿಕೊಟ್ಟವನು ತಾನೇ. ಈಗ ಹೋದರೆ ಹುಣಸೆಮರವೂ ಇಲ್ಲ, ಜಮಖಾನೆಯೂ ಇಲ್ಲ. ಹೋಗದಿದ್ದರೆ ಕದಿರಪ್ಪನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಥೂ, ನನ್ನ ಬುದ್ಧಿಗಿಷ್ಟು ಅಂತ ತನ್ನನ್ನೇ ಬೈದುಕೊಂಡ.

“ಠರಾವು ಪಾಸಾಗೈತೆ. ಕರ್ಪೂರ ಇಲ್ಲ,” ಅಂದ.

ಆಗ ಕದಿರಪ್ಪ ಜಮಖಾನೆಯಿಂದ ಎದ್ದು ಬಂದು ಅವನ ಕಾಲು ಹಿಡಿದುಕೊಂಡ. “ಆ ಠರಾವು ಏನಾರ ಆಗ್ಲಿ ಸ್ವಾಮೀ. ಮನೇಲಿ ಮಕ್ಕಳವೆ. ನಿಮ್ಮ ದಮ್ಮಯ್ಯ, ಒಂದ್ಸಲ ಒಳಗೆ ಹೋಗ್ಬನ್ನಿ.”

ಗಂಗುಲಪ್ಪ ಹೋದ. ಅಂಗೈ ಸುಟ್ಟದ್ದು ಅವನಿಗೆ ತಿಳಿಯಲೂ ಇಲ್ಲ. ಹೊರಗೆ ಬಂದಾಗ ಸುಬ್ಬರಾಯಪ್ಪ ಎಲ್ಲರ ಮುಂದೆ ಅವನನ್ನು ತಬ್ಬಿಕೊಂಡು, “ಹೊಲ ಕದಿರಂದೇ, ಒಪ್ದೆ. ಸ್ವಾಮಿ ಮುಂದೆ ಆಡಿದ ಮಾತಿಗೆ ಎರಡುಂಟಾ?” ಅಂದ. ತುಂಡು ಹೊಲ ಕೊಟ್ಟು ಇಡೀ ಊರಿನ ಪಂಚಾಯ್ತಿಯನ್ನು ಕೊಂಡುಕೊಂಡ ಘಾಟಿ ಆಸಾಮಿ ಅವನು. “ಹೆಂಗೂ ಗುಡೀಗೇ ಬರ್ಬೇಕು. ಈ ಇರುವೆ ಕೈಲಿ ಕಚ್ಚಿಸ್ಕೊಂಡು ಮರದ ಕೆಳಗೆ ಯಾಕೆ ಕೂರೋದು?” ಅಂತಲೂ ಸೇರಿಸಿದ. ಎಲ್ಲರೂ ನಕ್ಕರು, ಜಮಖಾನೆ ಮಡಿಸಿದರು.

ಮುಂದಿನ ಸಭೆಯ ದಿನ ಗಂಗುಲಪ್ಪ ಬೇಗ ಬಂದ. ಕದಿರಪ್ಪ ಆಗಲೇ ಪೌಳಿ ಗೋಡೆಯ ಹೊರಗೆ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. ಮುಖದಲ್ಲಿ ಸಂತೋಷವಿತ್ತು. ಹೊಲ ಉತ್ತಿದ್ದ, ರಾಗಿ ಬಿತ್ತಿದ್ದ.

“ಕದಿರಪ್ಪಾ, ಎದ್ದೇಳು. ಮರದ ಕೆಳಗೆ ಹೋಗಣ. ಯಾರು ಬರ್ತಾರೋ ಬರ್ಲಿ, ನಾವಿಬ್ರೇ ಆದ್ರೂ ಕೂರಣ,” ಅಂದ ಗಂಗುಲಪ್ಪ.

ಕದಿರಪ್ಪ ಗಾಬರಿಯಾಗಿ ಎದ್ದು ನಿಂತು ಕೈಮುಗಿದ.

“ಅಯ್ಯೋ ಬ್ಯಾಡಿ ಸ್ವಾಮೀ. ನಂಗೆ ಇಲ್ಲೇ ಸಾಕು. ನಮ್ಮ ಪರವಾಗಿ ಒಳಗೆ ಹೋಗೋಕೆ ನೀವಿದೀರಲ್ಲಾ.”